ಕ್ಯಾರಿಯರ್‌ನಲ್ಲಿ ಹೋದ ಜೀವನಾಂಶ

ಕೋರ್ಟಿನ ಆದೇಶ ಬಂದ ದಿನ ಭದ್ರಾವತಿಯ ಜನ್ನಾಪುರದ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡವರು ಬೀರಪ್ಪ ಒಬ್ಬರೇ. ಸಿಟ್ಟು ಬಂದರೆ ಕೆಲವರಿಗೆ ಅನ್ನ ಸೇರುವುದಿಲ್ಲ. ಬೀರಪ್ಪನವರು ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಳ್ಳುತ್ತಾರೆ.

"ತಿಂಗಳಿಗೆ ಎಂಟು ಸಾವಿರ!" ಎಂದು ಮುದ್ದೆ ಮುರಿಯುತ್ತಾ ಕೂಗಿದರು. "ಮನೆ ಬಿಟ್ಟು ಹೋದೋಳಿಗೆ ತಿಂಗಳಾ ತಿಂಗಳಾ ಎಂಟು ಸಾವಿರ! ಇದ್ಯಾವ ಸೀಮೆ ನ್ಯಾಯ?"

"ಕಟ್ಟದಿದ್ರೆ ವಾರಂಟ್ ಬರುತ್ತಂತಪ್ಪ," ಮಗ ನವೀನ್ ತಟ್ಟೆಯಿಂದ ತಲೆ ಎತ್ತದೆ ಹೇಳಿದ. "ಲಾಯರ್ ಧರ್ಮೇಂದ್ರ ಹೇಳಿದ್ರು."

"ಬರ್ಲಿ. ಪೊಲೀಸ್ನೋರಿಗೆ ಕಾಫಿ ಕೊಟ್ಟು ಕಳಿಸ್ತೀನಿ."

"ಅವ್ರು ಕರ್ಕೊಂಡು ಹೋಗೋದು ನನ್ನನ್ನ, ನಿನ್ನನ್ನಲ್ಲ."

ಬೀರಪ್ಪನವರ ಹೆಂಡತಿ ಬಂಗಾರಮ್ಮ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ಅವಳಿಗೆ ಇಲ್ಲಿ ಏನು ಕಮ್ಮಿಯಾಗಿತ್ತು ಅಂತ ಕೋರ್ಟಿಗೆ ಹೋದ್ಳು? ಹೊಟ್ಟೆಗಾ, ಬಟ್ಟೆಗಾ?"

"ಕಮ್ಮಿ ಎಲ್ಲಾಯ್ತಮ್ಮ? ಜಾಸ್ತಿನೇ ಆಯ್ತು," ಎಂದಳು ಮಗಳು ತನುಶ್ರೀ. "ಮುಖದ ಮೇಲೂ ಬಿತ್ತಲ್ಲ."

ನವೀನ್ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದ. ಅವನಿಗೆ ಹಾಗೆ ಎದ್ದು ಹೋಗುವುದು ಚೆನ್ನಾಗಿ ಗೊತ್ತಿತ್ತು.

ತನುಶ್ರೀ ಹೇಳಿದ್ದು ಹೋದ ವರ್ಷದ ಗೌರಿ ಹಬ್ಬದ ಮಾತು. ಮನೆ ತುಂಬ ನೆಂಟರು ಕೂತು ಉಣ್ಣುತ್ತಿದ್ದರು. ತನ್ನ ಅಂಗಡಿ ಕೆಲಸದ ಸಂಬಳ ಇನ್ನು ಮುಂದೆ ತನ್ನ ಖಾತೆಯಲ್ಲೇ ಇರಲಿ ಎಂದು ನವೀನನ ಹೆಂಡತಿ ಸಂಧ್ಯಾ ಬಡಿಸುತ್ತಾ ಬಡಿಸುತ್ತಾ ಹೇಳಿದಳು. ನವೀನ್ ಕೈಲಿದ್ದ ತಟ್ಟೆಯನ್ನು ಬಿಸಿ ಹುಳಿಯ ಸಮೇತ ಅವಳ ಮುಖಕ್ಕೆ ಎಸೆದ. ಸಂಧ್ಯಾ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಅದೇ ಸೀರೆಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದಳು. ಕಿವಿಯ ಕೆಳಗೆ ಸುಟ್ಟ ಕಲೆ ಉಳಿಯಿತು. ಈಗ ವಿನೋಬನಗರದಲ್ಲಿ ಒಂದು ರೂಮು ಮಾಡಿಕೊಂಡು, ಗಾಂಧಿ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಅಂಗಡಿಯ ಸಂಬಳ ಹೊಟ್ಟೆಗಾದರೆ ಬಾಡಿಗೆಗಿಲ್ಲ. ಮನೆ ಓನರ್ ಆಗಲೇ ರೂಮು ಖಾಲಿ ಮಾಡು ಎನ್ನಲು ಶುರುಮಾಡಿದ್ದ.

ಬೀರಪ್ಪನವರ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದವರು ಶ್ರೀನಿವಾಸಮೂರ್ತಿ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ರಿಟೈರ್ ಆದವರು. ಯಾವ ಪದ ಸಿಕ್ಕರೂ ಅದರ ಬುಡ ಕೆದಕದೆ ಬಿಡುತ್ತಿರಲಿಲ್ಲ. ಬೀರಪ್ಪ ಮಾರನೇ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, "ಮೇಷ್ಟ್ರೇ, ಈ ಜೀವನಾಂಶ ಅಂದ್ರೆ ಎಂಥ ಮಾರಾಯ್ರೇ? ಅರ್ಥ ಹೇಳಿ," ಎಂದಾಗ ಅವರಿಗೆ ಪೇಪರ್ ಓದುವುದಕ್ಕಿಂತ ಖುಷಿಯಾಯಿತು.

"ಇಂಗ್ಲಿಷ್‌ನೋರು ಅಲಿಮನಿ ಅಂತಾರೆ. ಲ್ಯಾಟಿನ್ ಮಾತು ಅದು. ಮೂಲಾರ್ಥ ಆಹಾರ, ಪೋಷಣೆ. ಸಾಕೋದು ಅಂತ್ಲೇ ಇಟ್ಕೊಳ್ಳಿ."

"ಆಹಾರ?"

"ಹೌದು. ಹಿಂದೆ ಇಂಗ್ಲೆಂಡಲ್ಲಿ ಮದುವೆ ವಿಚಾರ ಎಲ್ಲ ಚರ್ಚಿನ ಕೋರ್ಟಲ್ಲೇ ನಡೀತಿತ್ತು. ಅವರು ಮದುವೆ ಮುರೀತಿರಲಿಲ್ಲ. ಹಾಸಿಗೆ ಬೇರೆ, ಊಟದ ಮೇಜು ಬೇರೆ, ಅಷ್ಟೇ. ಮದುವೆ ಉಳೀತು ಅಂದಮೇಲೆ ಸಾಕೋ ಜವಾಬ್ದಾರಿನೂ ಗಂಡನ ತಲೆ ಮೇಲೇ ಉಳೀತು. ನಮ್ಮಲ್ಲೂ ನೋಡಿ, ಭರ್ತೃ ಅಂದ್ರೆ ಭರಿಸೋನು, ಪೋಷಿಸೋನು..."

ಬೀರಪ್ಪ ಆಗಲೇ ಮೆಟ್ಟಿಲಿಳಿಯುತ್ತಿದ್ದರು. ಒಳಗಿನಿಂದ ಮೇಷ್ಟ್ರ ಹೆಂಡತಿ ವೇದಾವತಿ, "ಇನ್ನೂ ಪಾಠ ಮುಗಿದಿಲ್ಲ, ಶಿಷ್ಯರು ಎದ್ದು ಹೊರಟ್ರು. ಇದು ಎಲ್ಲಿಗೋ ಹೋಗಿ ಮುಟ್ಟುತ್ತೆ ನೋಡ್ತಾ ಇರಿ," ಎಂದರು.

ಮುಟ್ಟಿದ್ದು ಅಟ್ಟಕ್ಕೆ. ಬೀರಪ್ಪ ಅಟ್ಟ ಹತ್ತಿ ತಮ್ಮ ಹಳೇ ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್ ಇಳಿಸಿದರು. ಊರಿನ ಉಕ್ಕಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಷ್ಟು ವರ್ಷವೂ ಅವರು ಕ್ಯಾಂಟೀನಿನ ಅನ್ನ ಮುಟ್ಟಿದವರಲ್ಲ. ಮಧ್ಯಾಹ್ನದ ಹೊತ್ತಿಗೆ ಗೇಟಿನ ಹತ್ತಿರ ಸಾಲಾಗಿ ಕ್ಯಾರಿಯರ್ ಬಂದು ಕೂರುತ್ತಿದ್ದವು. ಯಾರ ಮನೆಯದು ಎಂದು ಗುರುತಾಗಲು ಮುಚ್ಚಳದ ಮೇಲೆ ಟೋಕನ್ ನಂಬರ್ ಬರೆದಿರುತ್ತಿತ್ತು. ಬೀರಪ್ಪನವರ ಮುಚ್ಚಳದ ಮೇಲಿನ ಕೆಂಪು ಬಣ್ಣ ಇನ್ನೂ ಪೂರ್ತಿ ಅಳಿಸಿರಲಿಲ್ಲ.

"ನಾಳೆಯಿಂದ ಇದರಲ್ಲಿ ಒಬ್ಬರ ಊಟ ಹೋಗುತ್ತೆ ಶಿವಮೊಗ್ಗಕ್ಕೆ," ಎಂದು ಕ್ಯಾರಿಯರನ್ನು ಅಡುಗೆ ಕಟ್ಟೆಯ ಮೇಲೆ ಕುಕ್ಕಿದರು. "ಜೀವನಾಂಶ ಅಂದ್ರೆ ಊಟ. ಮೇಷ್ಟ್ರು ಹೇಳಿದ್ದಾರೆ. ಊಟ ತಾನೇ? ಕೊಡೋಣ. ದುಡ್ಡು ಯಾಕೆ ಕೊಡ್ಬೇಕು?"

"ಕೋರ್ಟು ದುಡ್ಡು ಅಂದಿದೆ ಅಪ್ಪ," ಎಂದಳು ತನುಶ್ರೀ.

"ಕೋರ್ಟಿಗೆ ನಾನು ಹೇಳ್ತೀನಿ. ಕಾಲೇಜಿಗೆ ದಿನಾ ಶಿವಮೊಗ್ಗಕ್ಕೆ ಹೋಗೋಳು ನೀನೇ ತಾನೇ? ತಗೊಂಡು ಹೋಗಿ ಕೊಟ್ಟು ಬಾ."

"ನಾನು ಹೋಗಲ್ಲ."

"ಹಂಗಾದ್ರೆ ಕಾಲೇಜಿಗೂ ಹೋಗ್ಬೇಡ."

ತನುಶ್ರೀ ಅಮ್ಮನ ಮುಖ ನೋಡಿದಳು. ಅಮ್ಮ ಕ್ಯಾರಿಯರಿನ ಡಬ್ಬಿಗಳನ್ನು ಬಿಡಿಸಿ, ಹುಣಸೆಹಣ್ಣು ಹಾಕಿ ತಿಕ್ಕಲು ಶುರುಮಾಡಿದ್ದಳು.

ಬಂಗಾರಮ್ಮನಿಗೆ ಸೊಸೆಯ ಮೇಲಿದ್ದ ಸಿಟ್ಟು ಗಂಡನ ಸಿಟ್ಟಿಗಿಂತ ಕಮ್ಮಿಯದೇನಲ್ಲ. ನೆಂಟರ ಮುಂದೆ ಮರ್ಯಾದೆ ಕಳೆದಳು, ಹಬ್ಬದ ದಿನ ಹೊಸ್ತಿಲು ದಾಟಿದಳು ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಆದರೆ ಅಡುಗೆಯ ವಿಷಯದಲ್ಲಿ ಅವಳಿಗೆ ಕೆಟ್ಟದಾಗಿ ಮಾಡಲು ಬರುತ್ತಿರಲಿಲ್ಲ. ಬಯ್ಯುತ್ತಲೇ ಎದ್ದು, ಬಯ್ಯುತ್ತಲೇ ಸೊಪ್ಪು ಸೋಸಿ, "ತಿನ್ಲಿ, ತಿಂದು ಕೊಬ್ಲಿ" ಎನ್ನುತ್ತಾ ಒಗ್ಗರಣೆಗೆ ಬೆಳ್ಳುಳ್ಳಿ ಜಾಸ್ತಿಯೇ ಹಾಕಿದಳು. ಸಂಧ್ಯಾಗೆ ಬೆಳ್ಳುಳ್ಳಿ ಒಗ್ಗರಣೆ ಇಷ್ಟ ಎಂಬುದು ಕೈಗೆ ನೆನಪಿತ್ತು.

ಸೀರೆ ಅಂಗಡಿಯ ಮುಂದೆ ಕ್ಯಾರಿಯರ್ ಹಿಡಿದು ನಿಂತ ನಾದಿನಿಯನ್ನು ಕಂಡು ಸಂಧ್ಯಾ ಕೌಂಟರ್ ಬಿಟ್ಟು ಹೊರಗೆ ಬಂದಳು.

"ಇದೇನಿದು?"

"ನಿಮ್ಮ ಜೀವನಾಂಶ ಅತ್ತಿಗೆ. ಅನ್ನ, ಬಸ್ಸಾರು, ಪಲ್ಯ, ಮಜ್ಜಿಗೆ." ತನುಶ್ರೀಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ದುಡ್ಡಿನ ಬದಲು ಇದನ್ನ ಕಳಿಸ್ತಾರಂತೆ."

ಸಂಧ್ಯಾ ಕ್ಯಾರಿಯರನ್ನು ಮುಟ್ಟಲಿಲ್ಲ. "ತನು, ನಿನ್ನ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಇವತ್ತು ಇದನ್ನ ತಗೊಂಡ್ರೆ, ನಾಳೆ ಕೋರ್ಟಲ್ಲಿ ಅವಳು ಇನ್ನೂ ನಮ್ಮ ಮನೆ ಅನ್ನನೇ ತಿಂತಿದ್ದಾಳೆ ಅಂತಾರೆ. ಓನರ್ ಬಾಡಿಗೆ ಕೇಳಿದಾಗ ಬಸ್ಸಾರು ಕೊಡಕ್ಕಾಗುತ್ತಾ? ವಾಪಸ್ ತಗೊಂಡು ಹೋಗು."

ಹಾಗೇ ವಾಪಸ್ ತಂದರೆ ಮನೆಯಲ್ಲಿ ರಂಪ. ತನುಶ್ರೀ ಒಂದು ದಿನ ಅದನ್ನೂ ಕಂಡಳು. ಅನ್ನ ಹಳಸಿತ್ತು, ಅಪ್ಪ ಕೂಗಾಡಿದರು, ಅಮ್ಮ "ನನ್ನ ಕೈ ಅಡುಗೆ ಅವಳಿಗೆ ವಿಷವಾಯ್ತಾ?" ಎಂದು ಅತ್ತಳು. ಮಾರನೇ ದಿನದಿಂದ ತನುಶ್ರೀ ಅಂಗಡಿಯ ಕಡೆಗೇ ಹೋಗಲಿಲ್ಲ. ಕ್ಯಾರಿಯರನ್ನು ನೇರ ಕಾಲೇಜಿಗೆ ಒಯ್ದು, ಹಾಸ್ಟೆಲ್ ಅನ್ನದಿಂದ ನಾಲಿಗೆ ಸತ್ತಿದ್ದ ಗೆಳತಿಯರ ಮುಂದೆ ಬಿಚ್ಚಿದಳು. ಅವರು ಬೆರಳು ಸಮೇತ ನೆಕ್ಕಿದರು. ನಲ್ಲಿಯಲ್ಲಿ ತೊಳೆದು ಖಾಲಿ ಕ್ಯಾರಿಯರನ್ನು ಮನೆಗೆ ತಂದಳು.

ಬೀರಪ್ಪನವರ ಸಂತೋಷ ಕೇಳಬೇಕೆ? ಸಂಜೆ ಆಗುತ್ತಲೇ ಗೇಟಿನಲ್ಲಿ ನಿಂತು ಮಗಳ ಕೈಯಿಂದ ಕ್ಯಾರಿಯರ್ ಇಸಿದುಕೊಂಡು, ಅಲ್ಲಾಡಿಸಿ ನೋಡಿ, "ಖಾಲಿ! ತಿಂತಿದ್ದಾಳೆ!" ಎಂದು ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ನವೀನನೂ ಮಾಚೇನಹಳ್ಳಿಯ ಫೌಂಡ್ರಿಯಿಂದ ಬಂದವನು ಮೊದಲು ಅದನ್ನೇ ಕೇಳುತ್ತಿದ್ದ. ಧರ್ಮೇಂದ್ರ ಫೋನಿನಲ್ಲಿ, "ಇದೆಲ್ಲ ನಡೆಯಲ್ಲ ಯಜಮಾನ್ರೇ, ದುಡ್ಡು ಕಟ್ಟಿ," ಎಂದರೆ, "ನೀವು ಸುಮ್ನಿರಿ, ಆ ಪದದ ಮೂಲ ನಿಮಗೆ ಗೊತ್ತಿಲ್ಲ," ಎಂದು ಲಾಯರಿಗೇ ಪಾಠ ಹೇಳಿದರು.

ಖುಷಿಪಡದಿದ್ದವಳು ಬಂಗಾರಮ್ಮ. ಅವಳು ದಿನಾ ಕ್ಯಾರಿಯರ್ ಬಿಚ್ಚಿ ನಾಲ್ಕೂ ಡಬ್ಬಿಯೊಳಗೆ ಇಣುಕುತ್ತಿದ್ದಳು. ಏನೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಹಡಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ವೇದಾವತಿಯ ಹತ್ತಿರ ಹೇಳಿಕೊಂಡಳು. "ನೋಡಿ ವೇದಕ್ಕ, ಕೊಟ್ಟ ಪಾತ್ರೆನ ಯಾರಾದ್ರೂ ಬರೀದು ವಾಪಸ್ ಕಳಿಸ್ತಾರಾ? ಒಂದು ಚಿಟಿಕೆ ಸಕ್ಕರೆ, ಒಂದು ಚೂರು ಬೆಲ್ಲ ಹಾಕಿ ಕಳಿಸ್ಬಾರದಾ? ತಿನ್ನಕ್ಕೆ ಬರುತ್ತೆ, ಅಷ್ಟು ಗೊತ್ತಾಗಲ್ಲ!"

ವೇದಾವತಿ ಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಸಂಧ್ಯಾನಾ? ಇಲ್ಲಿದ್ದಾಗ ನಾನು ಏನು ಕೊಟ್ರೂ ಆ ಹುಡುಗಿ ಬಟ್ಟಲು ಬರೀದು ಕೊಟ್ಟಿದ್ದೇ ಇಲ್ಲವಲ್ರೀ. ಸಕ್ಕರೆ ಇಲ್ಲದಿದ್ರೆ ಒಂದು ಹೂವಾದ್ರೂ ಹಾಕಿ ಕೊಡ್ತಿದ್ಲು."

ಬಂಗಾರಮ್ಮನಿಗೆ ಆಗ ಹೊಳೆಯಿತು. ಆ ಅಭ್ಯಾಸ ಮಾಡಿಸಿದ್ದು ತಾನೇ. ಸಂಧ್ಯಾ ಊಟ ಮಾಡಿದ್ದರೆ ಡಬ್ಬಿ ಹೀಗೆ ಬರುತ್ತಿರಲಿಲ್ಲ. ಈ ಮನೆಯಲ್ಲಿ ಪಾತ್ರೆ ಬರಿದು ಕಳಿಸುವ ಸೋಮಾರಿ ಒಬ್ಬಳೇ ಇದ್ದಳು.

ಸಂಜೆ ಕ್ಯಾರಿಯರ್ ತಂದ ತನುಶ್ರೀಯನ್ನು ಅಡುಗೆಮನೆಗೆ ಎಳೆದು ಬಾಗಿಲು ಹಾಕಿದಳು.

"ನಿಜ ಹೇಳು. ಯಾರು ತಿಂತಿರೋದು?"

"ಅತ್ತಿಗೆ."

"ಕೆನ್ನೆಗೆ ಹಾಕ್ತೀನಿ ನೋಡು."

"ಹಾಕು. ಈ ಮನೇಲಿ ಅದು ಹೊಸದಲ್ವಲ್ಲ." ತನುಶ್ರೀ ಚೀಲವನ್ನು ನೆಲಕ್ಕೆ ಎಸೆದಳು. "ನನ್ನ ಫ್ರೆಂಡ್ಸ್ ತಿಂತಿದ್ದಾರೆ. ಅತ್ತಿಗೆ ಮೊದಲ ದಿನವೇ ಮುಟ್ಟಲ್ಲ ಅಂದ್ರು. ಮುಟ್ಟಿದ್ರೆ ಅವರ ಕೇಸ್ ಹೋಗುತ್ತೆ, ರೂಮ್ ಹೋಗುತ್ತೆ. ಅಪ್ಪಂಗೆ ಬೇಕಾಗಿರೋದೂ ಅದೇ. ನೀನು ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಕೊಡ್ತಿದ್ದೀಯ."

ಬಂಗಾರಮ್ಮ ಹೊಡೆಯಲಿಲ್ಲ. ಅವಳಿಗೆ ಹೊಡೆಯುವಷ್ಟು ಸಿಟ್ಟು ಬಂದಿತ್ತು, ಯಾರಿಗೆ ಹೊಡೆಯಬೇಕು ಎಂದು ಮಾತ್ರ ತಿಳಿಯಲಿಲ್ಲ.

ಮುಂದಿನ ಭಾನುವಾರ ಅಕ್ಕಿರೊಟ್ಟಿ, ಅವರೆಕಾಳು ಸಾರು ಮಾಡಿ ಕ್ಯಾರಿಯರಿಗೆ ತುಂಬಿ, "ಇವತ್ತು ನಾನೇ ಹೋಗ್ತೀನಿ," ಎಂದಳು.

"ಹೋಗು ಹೋಗು," ಎಂದರು ಬೀರಪ್ಪ. "ನಿನ್ನ ಎದುರಿಗೇ ತಿನ್ಸು. ಕೋರ್ಟಲ್ಲಿ ಸಾಕ್ಷಿ ಹೇಳಕ್ಕೆ ನೀನೇ ಆಗ್ತೀಯ. ವಾಯಿದೆ ನಾಳೇನೇ ಇದೆ."

ವಿನೋಬನಗರದ ಆ ರೂಮಿನಲ್ಲಿ ಒಂದು ಮಂಚ, ಒಂದು ಗ್ಯಾಸ್ ಒಲೆ, ಕಿಟಕಿಯ ಸರಳಿಗೆ ಒಣಹಾಕಿದ ಎರಡು ರವಿಕೆ. ಸಂಧ್ಯಾ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

"ಏನತ್ತೆ, ಕ್ಯಾರಿಯರ್ ಡ್ಯೂಟಿ ಈಗ ನಿಮಗೆ ಬಂತಾ?"

"ನಾಲಿಗೆ ಬಿಗಿ ಹಿಡಿ. ಇಷ್ಟು ದಿನ ನಾನು ಬೆನ್ನು ಮುರ್ಕೊಂಡು ಮಾಡಿ ಕಳಿಸಿದ್ದನ್ನ ಮುಟ್ಟಲಿಲ್ಲವಂತೆ. ನನ್ನ ಅಡುಗೆ ನಿನಗೇನು ಮಾಡಿತ್ತು?"

"ನಿಮ್ಮ ಅಡುಗೆ ಏನೂ ಮಾಡಿಲ್ಲ. ಅದನ್ನ ನನ್ನ ಮುಖಕ್ಕೆ ಎಸೆದ್ರಲ್ಲ, ಅವತ್ತು ನೀವು ಎಲ್ಲಿದ್ರಿ?"

"ಅಲ್ಲೇ ಇದ್ದೆ."

"ಏನ್ ಮಾಡಿದ್ರಿ?"

ಬಂಗಾರಮ್ಮ ಕ್ಯಾರಿಯರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ನಾನು ಹೇಳ್ತೀನಿ. ನೆಲ ಒರೆಸಿದ್ರಿ. ನನ್ನ ಕಿವಿ ಹತ್ರ ಚರ್ಮ ಸುಲೀತಿತ್ತು, ನೀವು ಬಟ್ಟೆ ತಂದು ನೆಲ ಒರೆಸಿದ್ರಿ. ನೆಂಟ್ರು ಜಾರಿ ಬೀಳ್ತಾರೆ ಅಂತ."

"ಹಬ್ಬದ ಮನೆ..." ಎಂದು ಬಂಗಾರಮ್ಮ ಶುರುಮಾಡಿ ನಿಲ್ಲಿಸಿದಳು. ನೆಲ ಒರೆಸಿದ್ದು ನಿಜ. ಒರೆಸಿದ ಬಟ್ಟೆಯನ್ನು ಹಿಂಡುವಾಗ ತನ್ನ ಕೈಗೂ ಬಿಸಿ ತಾಗಿದ್ದು ಈಗ ನೆನಪಾಯಿತು.

"ನಂಗೆ ನಿಮ್ಮ ಊಟ ಬೇಡ ಅತ್ತೆ. ಕೋರ್ಟು ಕೊಡು ಅಂದಿರೋದನ್ನ ಕೊಡ್ಲಿ. ಅದರಲ್ಲಿ ನಾನೇ ಅಕ್ಕಿ ತರ್ತೀನಿ, ನಂಗೆ ಬೇಕಾದಾಗ ಬೇಯಿಸ್ಕೊಳ್ತೀನಿ. ಉಪ್ಪು ಜಾಸ್ತಿ ಆದ್ರೂ ಯಾರೂ ತಟ್ಟೆ ಎಸೆಯಲ್ಲ."

"ಸೊಕ್ಕು ನಿಂಗೆ," ಎಂದಳು ಬಂಗಾರಮ್ಮ.

"ಹೌದು."

ಬಂಗಾರಮ್ಮ ಕ್ಯಾರಿಯರನ್ನು ಹೊಸ್ತಿಲ ಮೇಲೆ ಇಟ್ಟಳು. "ತಿಂತೀಯೋ ಬಿಸಾಕ್ತೀಯೋ ನಿಂಗೆ ಬಿಟ್ಟಿದ್ದು. ವಾಪಸ್ ಹೊತ್ಕೊಂಡು ಹೋಗಕ್ಕೆ ನಂಗೆ ಆಗಲ್ಲ." ಅಷ್ಟು ಹೇಳಿ, ತಿರುಗಿ ನೋಡದೆ ಬಸ್ ಸ್ಟಾಪಿನ ಕಡೆ ನಡೆದಳು.

ಭದ್ರಾವತಿಯಲ್ಲಿ ಇಳಿದು ಮನೆಗೆ ಬಂದವಳು ತನ್ನ ಬಾಗಿಲು ತೆಗೆಯದೆ ಮಹಡಿ ಹತ್ತಿದಳು.

"ಮೇಷ್ಟ್ರೇ, ಆ ಪದಕ್ಕೆ ಊಟ ಅಂತ ಮಾತ್ರವಾ ಅರ್ಥ?"

ಶ್ರೀನಿವಾಸಮೂರ್ತಿ ಇಷ್ಟು ದಿನ ಬೀದಿಯಲ್ಲಿ ಕೇಳುತ್ತಿದ್ದ ಬೀರಪ್ಪನವರ ಕೂಗಿನಿಂದ ಕುಗ್ಗಿಹೋಗಿದ್ದರು. "ಅಲ್ಲಮ್ಮ, ನಾನು ಪೂರ್ತಿ ಹೇಳೋ ಮುಂಚೆ ಎದ್ದು ಹೋದ್ರು ನಿಮ್ಮ ಯಜಮಾನ್ರು. ಮನುಷ್ಯ ಬದುಕಿ ಉಳಿಯಕ್ಕೆ ಏನೇನು ಬೇಕೋ ಎಲ್ಲ ಅದರೊಳಗೆ ಬರುತ್ತೆ. ಸೂರು, ಬಟ್ಟೆ, ಔಷಧಿ, ಗಂಡನ ಅಂತಸ್ತಿಗೆ ತಕ್ಕ ಹಾಗೆ. ನಮ್ಮ ಕನ್ನಡದಲ್ಲಂತೂ ಕೊನೇಲಿ ಅಂಶ ಅಂತಿದೆ. ಅಂಶ ಅಂದ್ರೆ ಪಾಲು."

"ಪಾಲು ಅಂದ್ರೆ ಕೇಳಿ ತಗೊಳ್ಳೋದು."

"ಹೌದು. ಭಿಕ್ಷೆ ಆದ್ರೆ ಹಾಕಿದಾಗ ತಗೊಳ್ಳೋದು."

"ಇಷ್ಟು ವರ್ಷದಿಂದ ಈ ಮನೇಲಿ ನಾನು ತಗೊಂಡಿದ್ದು ಯಾವುದು ಮೇಷ್ಟ್ರೇ?"

ಪದದ ಬುಡ ಕೆದಕುವ ಮೇಷ್ಟ್ರು ಆ ಪ್ರಶ್ನೆಗೆ ತಮ್ಮ ಕನ್ನಡಕ ಒರೆಸಿಕೊಂಡರು. ಬಂಗಾರಮ್ಮ ಕೆಳಗಿಳಿದು, ಕ್ಯಾರಿಯರ್ ಎಲ್ಲಿ ಎಂದ ಗಂಡನಿಗೆ ಕೊಟ್ಟು ಬಂದೆ ಎಂದಷ್ಟೇ ಹೇಳಿದಳು.

ಮಾರನೇ ದಿನ ಶಿವಮೊಗ್ಗದ ಕೋರ್ಟಿನಲ್ಲಿ ಇವರ ಕೇಸು ಕೂಗಿದಾಗ ಬೀರಪ್ಪ ಇಸ್ತ್ರಿ ಮಾಡಿದ ಬಿಳೀ ಅಂಗಿಯಲ್ಲಿದ್ದರು. ಧರ್ಮೇಂದ್ರ ಒಲ್ಲದ ಮನಸ್ಸಿನಿಂದ ಎದ್ದು, "ನಮ್ಮ ಕಕ್ಷಿದಾರರು ಪ್ರತಿದಿನ ಊಟ ಕಳಿಸ್ತಾ ಇದ್ದಾರೆ ಸ್ವಾಮಿ," ಎಂದರು.

ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿದರು. "ಊಟ?"

ಬೀರಪ್ಪನವರಿಗೆ ತಡೆಯಲಾಗಲಿಲ್ಲ. "ಹೌದು ಸ್ವಾಮಿ! ಬಿಸಿ ಬಿಸಿ ಊಟ. ಆ ಪದದ ಅರ್ಥಾನೇ ಊಟ. ತಿಂದು ಖಾಲಿ ಕ್ಯಾರಿಯರ್ ಕಳಿಸ್ತಾಳೆ. ಬೇಕಾದ್ರೆ ನಮ್ಮ ಮನೆಯೋಳನ್ನ ಕೇಳಿ, ಅವಳೇ ಮಾಡಿದ್ದು, ಅವಳೇ ಕೊಟ್ಟು ಬಂದಿದ್ದು."

"ಬನ್ನಿ ಅಮ್ಮ," ಎಂದರು ನ್ಯಾಯಾಧೀಶೆ. "ಅಡುಗೆ ಮಾಡಿದ್ದು ನೀವಾ?"

"ನಾನೇ."

"ಈ ಹುಡುಗಿ ತಿಂದ್ಲಾ?"

ಬಂಗಾರಮ್ಮ ಗಂಡನ ಕಡೆ ನೋಡಲಿಲ್ಲ, ಮಗನ ಕಡೆಯೂ ನೋಡಲಿಲ್ಲ. "ಇಲ್ಲ. ನನ್ನ ಮಗಳ ಗೆಳತಿಯರು ತಿಂದ್ರು. ನಿನ್ನೆ ನಾನೇ ಹೋಗಿ ಇಟ್ಟು ಬಂದೆ, ಅದು ಏನಾಯ್ತೋ ಗೊತ್ತಿಲ್ಲ. ಹಸಿದಿದ್ದಾಳೆ ಅಂತ ಯಾರೂ ಕಳಿಸಿದ್ದಲ್ಲ ಸ್ವಾಮಿ. ಇಲ್ಲಿ ಬಂದು ಹಿಂಗೆ ಹೇಳಕ್ಕೆ ಕಳಿಸಿದ್ದು. ಅವಳ ಕಿವಿ ಹತ್ರ ಕಲೆ ಇದೆ ನೋಡಿ. ಅದೂ ನಾನು ಮಾಡಿದ ಹುಳಿನೇ. ಎಸೆದೋನು ಇವನು."

ನವೀನನ ಮುಖ ಕಪ್ಪಿಟ್ಟಿತು. ನ್ಯಾಯಾಧೀಶೆಗೆ ಹೆಚ್ಚು ಮಾತು ಬೇಕಾಗಲಿಲ್ಲ. ಆದೇಶ ದುಡ್ಡಿಗೆ, ದುಡ್ಡೇ ಕಟ್ಟಬೇಕು, ಬಾಕಿಯೆಲ್ಲ ಮುಂದಿನ ವಾಯಿದೆಯೊಳಗೆ ಬರದಿದ್ದರೆ ವಾರಂಟ್ ಎಂದರು.

ಹೊರಗೆ ಹೊಂಗೆ ಮರದ ಕೆಳಗೆ ಸಂಧ್ಯಾ ನಿಂತಿದ್ದಳು. ಬಂಗಾರಮ್ಮ ಹತ್ತಿರ ಬಂದಾಗ ಚೀಲದಿಂದ ಕ್ಯಾರಿಯರ್ ತೆಗೆದು ಕೊಟ್ಟಳು.

"ನಿಮ್ಮ ಪಾತ್ರೆ ಅತ್ತೆ."

ಅಷ್ಟೇ ಮಾತು. ನಗಲಿಲ್ಲ, ಕೈ ಹಿಡಿಯಲಿಲ್ಲ. ಗಾಂಧಿ ಬಜಾರಿನ ಕಡೆ ಹೊರಟುಹೋದಳು.

ಮನೆಗೆ ಬರುವ ತನಕ ಬೀರಪ್ಪ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಗುರುತಿನವರು ಇದ್ದರು. ಮನೆಯ ಬಾಗಿಲು ಹಾಕಿದ್ದೇ ತಡ, ಶುರುವಾಯಿತು. ಮನೆ ಮರ್ಯಾದೆ ತೆಗೆದವಳು, ಹೆತ್ತ ಮಗನನ್ನು ಜೈಲಿಗೆ ಕಳಿಸುವವಳು, ಮನೆಹಾಳಿ. ನವೀನ್ ಚಪ್ಪಲಿಯನ್ನು ಗೋಡೆಗೆ ಒದ್ದು ರೂಮು ಸೇರಿಕೊಂಡ. ಬಂಗಾರಮ್ಮ ಅನ್ನಕ್ಕಿಟ್ಟಳು. ಕೂಗಿ ಕೂಗಿ ಹಸಿವಾದ ಬೀರಪ್ಪ ತಟ್ಟೆಯ ಮುಂದೆ ಬಂದು ಕೂತರು. ಕೂತರೂ ಬಾಯಿ ನಿಲ್ಲಲಿಲ್ಲ.

"ಕೋರ್ಟಲ್ಲಿ ನನ್ನ ಮಾನ ಹರಾಜು ಹಾಕಿದ್ಯಲ್ಲ, ಇಷ್ಟು ವರ್ಷ ನಿಂಗೆ ಅನ್ನ ಹಾಕ್ತಿರೋದು ಯಾರೇ?"

ಬಂಗಾರಮ್ಮನ ಕೈಯಲ್ಲಿ ಅನ್ನ ತುಂಬಿದ ಸೌಟಿತ್ತು. ಅವಳು ಆ ಸೌಟನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಗೂಡಿನಿಂದ ಇನ್ನೊಂದು ತಟ್ಟೆ ತೆಗೆದು, ಆ ಅನ್ನವನ್ನು ಅದಕ್ಕೆ ಹಾಕಿಕೊಂಡು, ಸಾರು ಸುರಿದುಕೊಂಡು, ಗಂಡನ ಎದುರಿಗೇ ಕೂತು ಉಣ್ಣತೊಡಗಿದಳು. ಬೀರಪ್ಪನವರ ಜೀವಮಾನದಲ್ಲಿ ಅವರ ತಟ್ಟೆ ಖಾಲಿ ಇದ್ದಾಗ ಆ ಮನೆಯಲ್ಲಿ ಯಾರೂ ಉಂಡಿರಲಿಲ್ಲ.

"ಏಯ್! ಬಡಿಸೋದು ಬಿಟ್ಟು ಎಂಥ ಮಾಡ್ತಿದ್ದೀಯ?"

"ಪಾತ್ರೆ ಅಲ್ಲೇ ಇದೆ. ಹಾಕ್ಕೊಳ್ಳಿ."

ಬಂಗಾರಮ್ಮ ನಿಧಾನವಾಗಿ ಉಂಡು ಮುಗಿಸಿ, ಕೈ ತೊಳೆದು, ತೊಳೆಯಲು ಹಾಕೋಣವೆಂದು ಕ್ಯಾರಿಯರನ್ನು ಎಳೆದುಕೊಂಡು ಕೊಂಡಿ ಬಿಚ್ಚಿದಳು. ಡಬ್ಬಿಗಳು ಪಳಪಳ ತೊಳೆದಿದ್ದವು. ಒಂದು, ಎರಡು, ಮೂರು ಖಾಲಿ. ತಳದ ಡಬ್ಬಿಯಲ್ಲಿ ಒಂದು ಚೂರು ಅಚ್ಚುಬೆಲ್ಲ ಇತ್ತು.

ಬೀರಪ್ಪ ಕತ್ತು ಚಾಚಿ ನೋಡಿದರು. ಅವರೂ ಇದೇ ಊರಿನವರು, ಬೆಲ್ಲ ಯಾಕೆ ಬಂತೆಂದು ಅವರಿಗೆ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿರಲಿಲ್ಲ. ಖಾಲಿ ತಟ್ಟೆ ತಳ್ಳಿ ದಡಕ್ಕನೆ ಎದ್ದರು.

"ತಿಂದಿದ್ದಾಳೆ! ನೋಡು, ತಿಂದಿದ್ದಾಳೆ! ಇದೇ ಸಾಕ್ಷಿ. ಲೇ ನವೀನ, ಬಾರೋ ಇಲ್ಲಿ, ಫೋಟೋ ತೆಗಿ! ಧರ್ಮೇಂದ್ರಂಗೆ ಕಳಿಸು! ಕೊಡೇ ಆ ಡಬ್ಬಿ!"

ಬಂಗಾರಮ್ಮ ಡಬ್ಬಿ ಕೊಟ್ಟಳು. ಅದಕ್ಕೆ ಮೊದಲು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಿದ್ದಳು.